ಕೈಯಲ್ಲಿ ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿದೆಯೇ?



ಚುನಾವಣೆ ದೂರವಿದ್ದಾಗ ಮತದಾರರ ಪಟ್ಟಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಚುನಾವಣೆ ಬಾಗಿಲಿಗೆ ಬಂದ ಮೇಲೆ ಮಾತನಾಡಿದರೆ ಪ್ರಯೋಜನವಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದರೆ ಆ ಚುನಾವಣೆಯ ಮಟ್ಟಿಗೆ ಪಟ್ಟಿಯ ಬಾಗಿಲು ಮುಚ್ಚಿದಂತೆಯೇ. ಹೊಸ ಹೆಸರು ಸೇರುವುದಿಲ್ಲ, ಬಿಟ್ಟುಹೋದ ಹೆಸರು ಮರಳುವುದಿಲ್ಲ. ಆದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಯಾವ ಪಕ್ಷಕ್ಕೂ ಯಾವ ಅಭ್ಯರ್ಥಿಗೂ ಸಂಬಂಧವಿಲ್ಲದ, ಆದರೆ ನಮ್ಮ ಪ್ರತಿಯೊಂದು ಮನೆಗೂ ಸಂಬಂಧವಿರುವ ಒಂದು ವಿಷಯಕ್ಕೆ ಮೀಸಲಿಡುತ್ತಿದ್ದೇನೆ. ಅದು ಗುರುತಿನ ಚೀಟಿ ಮತ್ತು ಮತದ ಹಕ್ಕಿನ ನಡುವಿನ ಸಂಬಂಧ.

ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ವೋಟರ್ ಕಾರ್ಡ್ ಇದ್ದರೆ ಓಟು ಇದೆ ಎಂಬುದು. ಕಾನೂನು ಹಾಗೆ ಹೇಳುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 62ನೇ ಕಲಂ ಪ್ರಕಾರ ಯಾರ ಹೆಸರು ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಇದೆಯೋ ಅವರಿಗೆ ಮತದಾನದ ಅಧಿಕಾರವಿದೆ. ಪಟ್ಟಿಯಲ್ಲಿ ಇಲ್ಲದವರಿಗೆ ಇಲ್ಲ. ಚೀಟಿ ಎಂಬುದು ಪಟ್ಟಿಯಲ್ಲಿರುವ ವ್ಯಕ್ತಿ ಇವರೇ ಎಂದು ತೋರಿಸುವ ಸಾಧನ ಮಾತ್ರ. ಮನೆಯ ಬೀಗದ ಕೈ ನಮ್ಮ ಸೊಂಟದಲ್ಲಿದ್ದರೂ ಬೀಗವನ್ನೇ ಯಾರೋ ಬದಲಿಸಿದ್ದರೆ ಆ ಕೈಯಿಂದ ಏನು ಫಲ?

ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಂಜಿನಿಯರಾಗಿ ಸೇವೆ ಸಲ್ಲಿಸಿದವನು. ಸರ್ಕಾರಿ ಎಂಜಿನಿಯರುಗಳಿಗೆ ಚುನಾವಣೆ ಬಂದರೆ ಸೆಕ್ಟರ್ ಅಧಿಕಾರಿಯ ಹೊಣೆ ತಪ್ಪುವುದಿಲ್ಲ. ಹತ್ತು ಹನ್ನೆರಡು ಮತಗಟ್ಟೆಗಳನ್ನು ಜೀಪಿನಲ್ಲಿ ಸುತ್ತುವುದು, ಯಂತ್ರ ಕೆಟ್ಟರೆ ಬದಲಿಸುವುದು, ತಕರಾರು ಬಂದರೆ ಮೇಲಕ್ಕೆ ತಿಳಿಸುವುದು ನಮ್ಮ ಕೆಲಸ. ಹಲವು ಚುನಾವಣೆಗಳಲ್ಲಿ ಈ ಕೆಲಸ ಮಾಡಿದ್ದೇನೆ. ಮತಗಟ್ಟೆಯಲ್ಲಿ ಗಲಾಟೆ ಮಾಡುವವರು ಕಣ್ಣಿಗೆ ಬೀಳುತ್ತಾರೆ, ಮರುದಿನ ಪತ್ರಿಕೆಯಲ್ಲೂ ಬರುತ್ತಾರೆ. ಸದ್ದಿಲ್ಲದೆ ಮನೆಗೆ ಮರಳುವವರ ಲೆಕ್ಕ ಯಾರೂ ಇಡುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ ಸವೆದುಹೋದ ಗುರುತಿನ ಚೀಟಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. "ಫೋಟೋ ನಂದ ಐತಿ, ಹೆಸರೂ ನಂದ ಐತಿ. ಇಲ್ಲಂದ್ರ ಹೆಂಗ್ರಿ ಸಾಹೇಬ್ರ?" ಎಂದು ಕೇಳಿದರು. ಮತಗಟ್ಟೆಯ ಅಧಿಕಾರಿಗೆ ಆ ಹೊತ್ತಿನಲ್ಲಿ ಕಾನೂನು ಬಿಟ್ಟು ಬೇರೆ ದಾರಿ ಇರಲಿಲ್ಲ. ಅಜ್ಜಿ ಚೀಟಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದರು. ಅಂಥವರು ಆ ದಿನ ಅವರೊಬ್ಬರೇ ಇರಲಿಲ್ಲ.

ಹೆಸರಿನ ಕಾರಣಕ್ಕೆ ಓಟು ಕಳೆದುಕೊಳ್ಳುವುದು ಈ ದೇಶದಲ್ಲಿ ಹೊಸದೇನಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತು. ಪಟ್ಟಿಯಲ್ಲಿ ಸುಮಾರು 17 ಕೋಟಿ ಮತದಾರರಿದ್ದರು. ಸುಕುಮಾರ್ ಸೇನ್ ಅವರು ಮುಖ್ಯ ಚುನಾವಣಾ ಆಯುಕ್ತರು. ಪಟ್ಟಿ ತಯಾರಿಸಲು ಹೋದವರಿಗೆ ಉತ್ತರ ಭಾರತದ ಅನೇಕ ಕಡೆ ಹೆಣ್ಣುಮಕ್ಕಳು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಸೇರಿಸಲಾಗದು ಎಂದು ಆಯೋಗ ನಿಂತಿತು. ಕೊನೆಗೆ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಆಯೋಗದ ನಿಲುವು ಸರಿಯಾದದ್ದೇ. ಹೆಣ್ಣಿಗೆ ಸ್ವಂತ ಹೆಸರಿದೆ ಎಂದು ದೇಶಕ್ಕೆ ಕಲಿಸಿದ ನಿಲುವು ಅದು. ಆದರೂ ಆ ಪಾಠದ ಬೆಲೆಯನ್ನು ತೆತ್ತವರು ಆ 28 ಲಕ್ಷ ತಾಯಂದಿರು. ಒಂದು ನಿಯಮ ಒಳ್ಳೆಯದಾಗಿದ್ದರೂ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಬೇಕಾದ ಅಗತ್ಯ ಅಂದೂ ಇತ್ತು, ಇಂದೂ ಇದೆ.

ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರನ್ನು ಅವರವರ ಹೆಸರಿನಿಂದಲೇ ನೆನೆಯುವ ಪರಂಪರೆ ನಮ್ಮದು. ಹಾಗಿದ್ದೂ ನಮ್ಮ ಮನೆಯ ಸೊಸೆಯ ಹೆಸರು ಮತದಾರರ ಪಟ್ಟಿಯಲ್ಲಿ ಸರಿಯಾಗಿದೆಯೇ ಎಂದು ನಾವು ಎಷ್ಟು ಜನ ನೋಡಿದ್ದೇವೆ?

ಗುರುತಿನ ಚೀಟಿಯನ್ನು ನಾನು ವಿರೋಧಿಸುವುದಿಲ್ಲ. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ 1993ರಲ್ಲಿ ಭಾವಚಿತ್ರವಿರುವ ಮತದಾರರ ಚೀಟಿ ಜಾರಿಗೆ ಬಂತು. ಅದಕ್ಕೂ ಮೊದಲು ಒಬ್ಬರ ಓಟನ್ನು ಇನ್ನೊಬ್ಬರು ಹಾಕುವುದು ಸುಲಭವಿತ್ತು. ಬಲಾಢ್ಯರ ಊರಿನಲ್ಲಿ ಬಡವರು ಮತಗಟ್ಟೆಗೆ ಹೋಗುವಷ್ಟರಲ್ಲಿ ಅವರ ಓಟು ಬಿದ್ದಿರುತ್ತಿತ್ತು. ಚೀಟಿ ಬಂದ ಮೇಲೆ ಅದಕ್ಕೆ ಕಡಿವಾಣ ಬಿತ್ತು. ಎಷ್ಟೋ ಬಡ ಮನೆಗಳಲ್ಲಿ ಸರ್ಕಾರದ ಮುದ್ರೆಯೊಂದಿಗೆ ತಮ್ಮ ಮುಖವಿದ್ದ ಮೊದಲ ಕಾಗದ ಆ ಚೀಟಿಯೇ. ಅದನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟವರನ್ನು ನಾವು ನೋಡಿದ್ದೇವೆ.

ಮತಗಟ್ಟೆಯ ಬಾಗಿಲಿನಲ್ಲಿ ನಿಯಮ ಈಗ ಸಾಕಷ್ಟು ಉದಾರವಾಗಿಯೇ ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ವೋಟರ್ ಕಾರ್ಡ್ ಇಲ್ಲದವರಿಗೆ 12 ಬದಲಿ ದಾಖಲೆಗಳಿಗೆ ಅವಕಾಶವಿತ್ತು: ಆಧಾರ್, ನರೇಗಾ ಜಾಬ್ ಕಾರ್ಡ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಭಾವಚಿತ್ರವಿರುವ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ವಿಕಲಚೇತನರ ಗುರುತಿನ ಚೀಟಿ ಇತ್ಯಾದಿ. ಚೀಟಿಯಲ್ಲಿ ಒಂದೆರಡು ಅಕ್ಷರ ತಪ್ಪಿದ್ದರೆ, ವ್ಯಕ್ತಿ ಅವರೇ ಎಂದು ತಿಳಿದರೆ, ಅದನ್ನು ದೊಡ್ಡದು ಮಾಡಬಾರದೆಂದು ಆಯೋಗದ ಸೂಚನೆಯೇ ಇದೆ. ಒಂದು ಬದಲಾವಣೆಯನ್ನು ಮಾತ್ರ ನೆನಪಿಡಬೇಕು. ಮನೆಗೆ ತಂದುಕೊಡುವ ಮತದಾರರ ಮಾಹಿತಿ ಚೀಟಿ ಗುರುತಿನ ದಾಖಲೆಯಲ್ಲ. 2019ಕ್ಕೆ ಮೊದಲು ಭಾವಚಿತ್ರದ ಆ ಚೀಟಿಯೊಂದೇ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ಅದೊಂದನ್ನೇ ಹಿಡಿದು ಹೋದವರು ಬಿಸಿಲಲ್ಲಿ ಮತ್ತೆ ಮನೆಗೆ ಬಂದು ಹೋಗಬೇಕಾಗುತ್ತದೆ. ವಯಸ್ಸಾದವರು ಎರಡನೇ ಸಲ ಹೋಗುವುದಿಲ್ಲ.

ನಿಜವಾದ ತೊಡಕು ಮತಗಟ್ಟೆಯಲ್ಲಿಲ್ಲ. ಅದಕ್ಕೂ ಹಿಂದೆ, ಪಟ್ಟಿ ತಯಾರಾಗುವ ಹಂತದಲ್ಲಿದೆ.

ಹೆಸರುಗಳನ್ನೇ ನೋಡಿ. ರೇಷನ್ ಕಾರ್ಡಿನಲ್ಲಿ ಗಂಗವ್ವ, ಆಧಾರಿನಲ್ಲಿ ಗಂಗಮ್ಮ, ಶಾಲೆಯ ದಾಖಲೆಯಲ್ಲಿ ಗಂಗಾಬಾಯಿ. ಊರಿಗೆಲ್ಲ ಆಕೆ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುವಾಗ ಒತ್ತಕ್ಷರ ಬಿದ್ದು, ದೀರ್ಘ ಸೇರಿ, ಅಡ್ಡಹೆಸರು ಮುಂದಾಗಿ, ತಂದೆಯ ಹೆಸರು ಹಿಂದಾಗಿ ಬರುತ್ತದೆ. ಮಠದ ಸ್ವಾಮಿಗಳಿಗೂ ಇದು ತಪ್ಪಿದ್ದಲ್ಲ. ಪೂರ್ವಾಶ್ರಮದ ಹೆಸರು ಒಂದು ದಾಖಲೆಯಲ್ಲಿ, ಪೀಠಕ್ಕೆ ಬಂದ ಮೇಲಿನ ಹೆಸರು ಇನ್ನೊಂದರಲ್ಲಿ.

ಮದುವೆಯಾದ ಹೆಣ್ಣುಮಗಳ ಸ್ಥಿತಿ ಇನ್ನೂ ಕಷ್ಟದ್ದು. ತವರಿನ ಪಟ್ಟಿಯಲ್ಲಿ "ಊರು ಬಿಟ್ಟಿದ್ದಾಳೆ" ಎಂದು ಅಳಿಸುತ್ತಾರೆ. ಗಂಡನ ಊರಿನಲ್ಲಿ ಅರ್ಜಿ ಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇನ್ನು ಕೆಲವರು ಹೊಸಬರಂತೆ ಫಾರಂ 6 ತುಂಬಿ, ಎರಡೂ ಕಡೆ ಹೆಸರಿಟ್ಟುಕೊಳ್ಳುತ್ತಾರೆ. ಅದು ಕಾನೂನಿಗೆ ವಿರುದ್ಧ. ವಾಸ ಬದಲಾದವರು ತುಂಬಬೇಕಾದದ್ದು ಫಾರಂ 8.

ಗುಳೆ ಹೋಗುವವರ ಕಥೆ ಬೇರೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರು, ಮುಂಬೈ, ಗೋವಾಕ್ಕೆ ದುಡಿಯಲು ಹೋದವರು ಮನೆ ಮನೆ ಪರಿಶೀಲನೆಯ ಹೊತ್ತಿಗೆ ಊರಿನಲ್ಲಿರುವುದಿಲ್ಲ. ಬೀಗ ಹಾಕಿದ ಮನೆ ಎಂದು ಬರೆದುಕೊಂಡು ಹೋಗುತ್ತಾರೆ. ದುಡಿಯುವ ಊರಿನಲ್ಲಿ ಹೆಸರು ಸೇರಿಸಬೇಕೆಂದರೆ ವಿಳಾಸದ ದಾಖಲೆ ಬೇಕು. ತಗಡಿನ ಶೆಡ್ಡಿಗೆ ಬಾಡಿಗೆ ಕರಾರು ಯಾರು ಬರೆದುಕೊಡುತ್ತಾರೆ? ಇಂಥವರಿಗಾಗಿ ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯೊಂದನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಪಕ್ಷಗಳು ಒಪ್ಪಲಿಲ್ಲ, ಅದು ಬಳಕೆಗೆ ಬರಲಿಲ್ಲ.

ಖರ್ಚನ್ನೂ ಲೆಕ್ಕ ಹಾಕೋಣ. ಅರ್ಜಿಗೆ ಶುಲ್ಕವಿಲ್ಲ, ನಿಜ. ಆದರೆ 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಒಂದು ಅಕ್ಷರ ತಿದ್ದಿಸಲು ಮೂರು ದಿನ ತಾಲ್ಲೂಕು ಕಚೇರಿಗೆ ಓಡಾಡಿದರೆ 1,110 ರೂಪಾಯಿ ಹೋಯಿತು, ಬಸ್ಸಿನ ಖರ್ಚು ಬೇರೆ. ಮತಗಟ್ಟೆ 2 ಕಿಲೋಮೀಟರಿಗಿಂತ ದೂರ ಇರಬಾರದು ಎಂಬುದು ಆಯೋಗದ ನಿಯಮ. ಕಾಗದದ ದೂರಕ್ಕೆ ಅಂಥ ನಿಯಮವಿಲ್ಲ.

ಹೆಸರು ಸೇರಿಸುವುದು ಇಷ್ಟು ಕಷ್ಟವಾದರೆ ತೆಗೆಸುವುದು ಎಷ್ಟು ಕಷ್ಟ? ಇದಕ್ಕೆ ಉತ್ತರ ನಮ್ಮ ಕಲಬುರಗಿ ಜಿಲ್ಲೆಯ ಆಳಂದದಲ್ಲಿದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಕ್ಷೇತ್ರದಲ್ಲಿ ಹೆಸರು ಅಳಿಸಬೇಕೆಂದು 6,018 ಅರ್ಜಿಗಳು ಫಾರಂ 7ರಲ್ಲಿ ಆನ್‌ಲೈನ್ ಮೂಲಕ ಬಂದವು. ಅಧಿಕಾರಿಗಳು ಅನುಮಾನಗೊಂಡು ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ 24. ಉಳಿದ 5,994 ಅರ್ಜಿಗಳಲ್ಲಿ ಹೆಸರಿಸಿದ್ದವರು ಊರಿನಲ್ಲೇ ಇದ್ದರು. ಆ ಹೆಸರುಗಳು ಅಳಿಯಲಿಲ್ಲ. ಪೊಲೀಸರಿಗೆ ದೂರು ಹೋಯಿತು. ಇದನ್ನು ಯಾರು ಮಾಡಿದರು ಎಂಬುದು ತನಿಖೆಗೆ ಬಿಟ್ಟ ವಿಷಯ, ಅದನ್ನು ನಾನಿಲ್ಲಿ ತೀರ್ಮಾನಿಸುವುದಿಲ್ಲ. ನಾವು ಕಲಿಯಬೇಕಾದ ಪಾಠ ಒಂದೇ. ಆ ಸಾವಿರಾರು ಜನರ ಹಕ್ಕನ್ನು ಉಳಿಸಿದ್ದು ಯಂತ್ರವಲ್ಲ, ಮನೆಯ ಬಾಗಿಲಿಗೆ ಹೋಗಿ ಕೇಳಿದ ಮನುಷ್ಯರು.

ಬಿಹಾರದ ಉದಾಹರಣೆ ಇನ್ನೂ ದೊಡ್ಡದು. 2025ರ ಜೂನ್ 24ರಂದು ಅಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶವಾಯಿತು. 7.89 ಕೋಟಿ ಮತದಾರರು ಹೊಸದಾಗಿ ಅರ್ಜಿ ತುಂಬಬೇಕಾಯಿತು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು 11 ದಾಖಲೆಗಳಲ್ಲಿ ಒಂದನ್ನು ಕೊಡಬೇಕಿತ್ತು. ಜನರ ಬಳಿ ಸಾಮಾನ್ಯವಾಗಿ ಇರುವ ಆಧಾರ್, ರೇಷನ್ ಕಾರ್ಡ್, ಸ್ವತಃ ಆಯೋಗವೇ ಕೊಟ್ಟ ವೋಟರ್ ಕಾರ್ಡ್, ಈ ಮೂರೂ ಆ 11ರಲ್ಲಿ ಇರಲಿಲ್ಲ. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಆಯೋಗದ ಲೆಕ್ಕದಂತೆ ಅದರಲ್ಲಿ ಸುಮಾರು 22 ಲಕ್ಷ ಜನ ತೀರಿಕೊಂಡವರು, 36 ಲಕ್ಷ ಜನ ವಲಸೆ ಹೋದವರು ಅಥವಾ ಸಿಗದವರು, 7 ಲಕ್ಷ ಎರಡು ಕಡೆ ಇದ್ದ ಹೆಸರುಗಳು. ಸತ್ತವರ ಹೆಸರು ತೆಗೆಯಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ "ಸಿಗದವರು" ಎಂಬ ಮಾತಿನಲ್ಲಿ ದುಡಿಯಲು ಹೋದವರು ಎಷ್ಟು ಮಂದಿ ಇದ್ದಾರು ಎಂಬುದನ್ನು ಗುಳೆಯ ಸೀಮೆಯಿಂದ ಬಂದ ನಮಗೆ ಯಾರೂ ವಿವರಿಸಬೇಕಿಲ್ಲ. ಕೈಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಿತು. ಸೆಪ್ಟೆಂಬರ್ 8ರಂದು ಆಧಾರನ್ನು 12ನೇ ದಾಖಲೆಯಾಗಿ, ಪೌರತ್ವದ ಪುರಾವೆಯಾಗಿ ಅಲ್ಲದೆ ಗುರುತಿನ ದಾಖಲೆಯಾಗಿ, ಸ್ವೀಕರಿಸಬೇಕೆಂದಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಹೆಸರುಗಳಿದ್ದವು. ನ್ಯಾಯಾಲಯದ ಬಾಗಿಲು ತಟ್ಟುವವರು ಇಲ್ಲದಿದ್ದರೆ ಆ ಕಾರಣಗಳ ಪಟ್ಟಿ ಜನರ ಕಣ್ಣಿಗೆ ಬೀಳುತ್ತಿತ್ತೇ?

ಎಂಜಿನಿಯರನಾಗಿ ನನಗೆ ಇದು ಹೀಗೆ ಕಾಣುತ್ತದೆ. ಯಾವುದೇ ಪರೀಕ್ಷೆಯಲ್ಲಿ ಎರಡು ಬಗೆಯ ತಪ್ಪುಗಳು ಸಾಧ್ಯ. ಅನರ್ಹನನ್ನು ಒಳಗೆ ಬಿಡುವುದು ಒಂದು. ಅರ್ಹನನ್ನು ಹೊರಗೆ ನಿಲ್ಲಿಸುವುದು ಇನ್ನೊಂದು. ಜರಡಿಯ ಕಣ್ಣು ಸಣ್ಣದು ಮಾಡಿದಷ್ಟೂ ಮೊದಲನೆಯದು ಕಡಿಮೆಯಾಗುತ್ತದೆ, ಎರಡನೆಯದು ಹೆಚ್ಚುತ್ತದೆ. ಮೊದಲನೆಯ ತಪ್ಪಿನ ಬಗ್ಗೆ ಎಲ್ಲರೂ ಗಟ್ಟಿಯಾಗಿ ಮಾತನಾಡುತ್ತಾರೆ. ಎರಡನೆಯದನ್ನು ಅನುಭವಿಸಿದವರಿಗೆ ದನಿಯಿಲ್ಲ. ಕಳ್ಳ ಮತ ಒಂದು ಸರಿಯಾದ ಮತವನ್ನು ಕೊಲ್ಲುತ್ತದೆ. ಸುಮ್ಮನೆ ಅಳಿಸಿದ ಹೆಸರೂ ಒಂದು ಸರಿಯಾದ ಮತವನ್ನೇ ಕೊಲ್ಲುತ್ತದೆ. ಎರಡೂ ಸಮಾನವಾದ ನಷ್ಟ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ರಾಯಚೂರು ಜಿಲ್ಲೆಯವರಿಗೆಲ್ಲ ಗೊತ್ತು. ಅಣೆಕಟ್ಟಿನಲ್ಲಿ ಎಷ್ಟು ನೀರು ಬಿಟ್ಟೆವೆಂದು ಕಚೇರಿಯ ಪುಸ್ತಕದಲ್ಲಿ ಬರೆದಿರುತ್ತದೆ. ಆದರೆ ಕಾಲುವೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಕೊನೆಯ ತೂಬಿನ ಹತ್ತಿರ ಹೋಗಿ ನಿಲ್ಲಬೇಕು. ಮತದಾರರ ಪಟ್ಟಿಗೂ ಅದೇ ಅಳತೆ. ರಾಜಧಾನಿಯಲ್ಲಿ ಕುಳಿತು ನೂರಕ್ಕೆ ಎಷ್ಟು ಮಂದಿಗೆ ಚೀಟಿ ಕೊಟ್ಟೆವು ಎಂದು ಹೇಳಿದರೆ ಸಾಲದು. ಊರ ಕೊನೆಯ ಮನೆಯ ಒಂಟಿ ವಿಧವೆಯ ಹೆಸರು ಇದೆಯೇ? ಕಬ್ಬು ಕಡಿಯಲು ಹೋದ ಕುಟುಂಬದ್ದು ಇದೆಯೇ? ಹಾಸಿಗೆ ಹಿಡಿದ ಮುದುಕರದ್ದು ಇದೆಯೇ? ಅಲ್ಲಿ ನೀರು ತಲುಪಿದ್ದರೆ ಮಾತ್ರ ಕಾಲುವೆ ಸರಿಯಿದೆ.

ಕಾನೂನು ನಮ್ಮ ಕೈಗೆ ಕೊಟ್ಟಿರುವ ಸಾಧನಗಳು ಕಡಿಮೆಯಿಲ್ಲ, ತಿಳಿದವರು ಕಡಿಮೆ. ನೋಟಿಸ್ ಕೊಟ್ಟು ಅಹವಾಲು ಕೇಳದೆ ಯಾರ ಹೆಸರನ್ನೂ ವಾಸ ಬಿಟ್ಟವರೆಂದು ಅಳಿಸುವಂತಿಲ್ಲ. ನೋಂದಣಾಧಿಕಾರಿಯ ಆದೇಶ ಸರಿಯಿಲ್ಲವೆನಿಸಿದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆಧಾರ್ ಕೊಡಲು ಸಕಾರಣವಾಗಿ ಆಗದವರ ಹೆಸರನ್ನು ಅದೊಂದೇ ಕಾರಣಕ್ಕೆ ತಿರಸ್ಕರಿಸಬಾರದು. ಸುಳ್ಳು ಹೇಳಿಕೆ ಕೊಟ್ಟು ಹೆಸರು ಸೇರಿಸಿದರೂ ತೆಗೆಸಿದರೂ ಒಂದು ವರ್ಷದವರೆಗೆ ಶಿಕ್ಷೆಯಿದೆ. ಮನೆಯೇ ಇಲ್ಲದವರಿಗೂ ಹಕ್ಕಿದೆ. ಅವರು ಮಲಗುವ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ ನೋಡಿ ದೃಢಪಡಿಸಿದರೆ ವಿಳಾಸದ ಕಾಗದ ಬೇಕಿಲ್ಲ. ನಮ್ಮ ಓಟನ್ನು ಬೇರೆಯವರು ಹಾಕಿಬಿಟ್ಟಿದ್ದರೂ ಸುಮ್ಮನೆ ಮರಳಬೇಕಿಲ್ಲ. ಗುರುತು ಸಾಬೀತುಪಡಿಸಿ ಮತಪತ್ರ ಕೇಳಿ ಪಡೆಯಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ದಾಟಿದವರಿಗೂ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಆದರೆ ಅಧಿಸೂಚನೆಯಾದ 5 ದಿನಗಳೊಳಗೆ ಫಾರಂ 12ಡಿ ಕೊಡಬೇಕು. ಆ 5 ದಿನಗಳಲ್ಲಿ ಅಜ್ಜನಿಗೆ ಅದನ್ನು ತಿಳಿಸುವವರು ಯಾರು?

ಈ ಪ್ರಶ್ನೆಯನ್ನು ನಾನು ನಮ್ಮ ಮಠಗಳ ಮುಂದೆ, ಬಸವ ಕೇಂದ್ರಗಳ ಮುಂದೆ, ಶರಣ ಸಂಘಟನೆಗಳ ಮುಂದೆ ಇಡುತ್ತಿದ್ದೇನೆ. ಅನುಭವ ಮಂಟಪವನ್ನು ಪ್ರಜಾಸತ್ತೆಯ ತೊಟ್ಟಿಲೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳುವವರ ಊರಿನಲ್ಲೇ ನೂರು ಜನ ಪಟ್ಟಿಯ ಹೊರಗಿದ್ದರೆ ಆ ಹೆಮ್ಮೆಗೆ ಅರ್ಥವೇನು?

ಮಾಡಬೇಕಾದ ಕೆಲಸ ದೊಡ್ಡದಲ್ಲ. ಒಂದು: ತಿಂಗಳ ಶಿವಾನುಭವ ಗೋಷ್ಠಿಗೆ ಬಂದ ಜನರ ಮುಂದೆ ಆಯಾ ಭಾಗದ ಮತದಾರರ ಪಟ್ಟಿಯನ್ನು ವರ್ಷಕ್ಕೆರಡು ಬಾರಿ ಓದಿಸಿ. ಪಟ್ಟಿ ಗುಟ್ಟಿನ ದಾಖಲೆಯಲ್ಲ, ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಎರಡು: ಹೆಸರಿಲ್ಲದವರ ಅರ್ಜಿ ತುಂಬಿಕೊಡಲು ಓದು ಬಲ್ಲ ಇಬ್ಬರು ಯುವಕರನ್ನು, ಇಬ್ಬರು ಯುವತಿಯರನ್ನು ಗೊತ್ತುಮಾಡಿ, ಅವರು ಬಿಎಲ್‌ಒ ಜೊತೆ ಸಂಪರ್ಕ ಇಟ್ಟುಕೊಳ್ಳಲಿ. 1950 ಸಂಖ್ಯೆಗೆ ಕರೆ ಮಾಡಿಯೂ ಹೆಸರು ವಿಚಾರಿಸಬಹುದು. ಮೂರು: ಪ್ರಸಾದ ನಿಲಯಗಳಲ್ಲಿ ಓದುವ ಮಕ್ಕಳಿಗೆ 17 ತುಂಬಿದ ಕೂಡಲೇ ಮುಂಗಡ ಅರ್ಜಿ ಕೊಡಿಸಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಂದು, ಹೀಗೆ ವರ್ಷಕ್ಕೆ ನಾಲ್ಕು ಬಾರಿ 18 ತುಂಬಿದವರಿಗೆ ಅವಕಾಶವಿದೆ. ವಸತಿ ನಿಲಯದಲ್ಲಿರುವ ವಿದ್ಯಾರ್ಥಿ ತನ್ನ ಊರಿನಲ್ಲೋ ನಿಲಯದ ಊರಿನಲ್ಲೋ, ಎಲ್ಲಾದರೂ ಒಂದು ಕಡೆ ಹೆಸರು ಸೇರಿಸಬಹುದು. ನಾಲ್ಕು: ಮಠದಲ್ಲಿ ಮದುವೆ ನಡೆಸಿಕೊಟ್ಟಾಗ ನವದಂಪತಿಗೆ ಆಶೀರ್ವಾದದ ಜೊತೆಗೆ ಒಂದು ಫಾರಂ 8 ಕೊಡಿ. ಐದು: ಗುಳೆ ಹೋಗುವ ಕುಟುಂಬಗಳ ಹೆಸರು, ದೂರವಾಣಿ ಸಂಖ್ಯೆ ಬರೆದಿಡಿ, ಪರಿಶೀಲನೆ ಬಂದಾಗ ಅವರಿಗೆ ತಿಳಿಸಿ.

ಒಂದು ಎಚ್ಚರಿಕೆ. ಈ ಸೇವೆ ನಮ್ಮ ಸಮಾಜದವರಿಗೆ ಮಾತ್ರ ಎಂದಾದರೆ ಅದು ಸೇವೆಯಲ್ಲ, ಮತಬ್ಯಾಂಕಿನ ಲೆಕ್ಕ. ಊರಿನ ಎಲ್ಲ ಕೇರಿಗಳ ಪಟ್ಟಿ ಓದಬೇಕು. ಮೊದಲು ದೂರದ ಕೇರಿಯದ್ದೇ ಓದಬೇಕು. ಯಾರಿಗೆ ಓಟು ಹಾಕಬೇಕೆಂದು ಮಠದಲ್ಲಿ ಹೇಳಬಾರದು. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಕಾನೂನಿನ ಪ್ರಕಾರ ಭ್ರಷ್ಟ ನಡತೆ. ಶರಣ ಧರ್ಮಕ್ಕೂ ಅದು ಶೋಭೆಯಲ್ಲ. ನಮ್ಮ ಕಾಯಕ ಮತದಾರನನ್ನು ಬಾಗಿಲವರೆಗೆ ತಲುಪಿಸುವುದು. ಒಳಗೆ ಹೋದ ಮೇಲೆ ಆತನೂ ಆತನ ಅಂತಃಸಾಕ್ಷಿಯೂ ಮಾತ್ರ.

ಸರ್ಕಾರ ಮತ್ತು ಆಯೋಗದ ಹೊಣೆಯನ್ನು ಇದರಿಂದ ಇಳಿಸುತ್ತಿಲ್ಲ. ದಾಖಲೆ ಕೇಳುವವರು ಜನರ ಬಳಿ ಇರುವ ದಾಖಲೆಯನ್ನೇ ಕೇಳಬೇಕು. ಅಳಿಸಿದ ಹೆಸರನ್ನು ಕಾರಣದೊಂದಿಗೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಬೇಕು. ಪರಿಷ್ಕರಣೆಯನ್ನು ಗುಳೆ ಹೋದವರು ಊರಿಗೆ ಮರಳುವ ಕಾಲದಲ್ಲಿ ನಡೆಸಬೇಕು. ಇಷ್ಟನ್ನು ನಾವು ಕೇಳಲೇಬೇಕು. ಆದರೆ ಕೇಳುತ್ತಾ ಕೂರುವುದಕ್ಕಿಂತ ಈ ವಾರವೇ ನಮ್ಮ ಮನೆಯವರ, ನಮ್ಮ ಹೊಲದಲ್ಲಿ ದುಡಿಯುವವರ, ಪಕ್ಕದ ಮನೆಯವರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.